80 ಗ್ರಾಂ ತೂಕದ ಪರ್ಷಿಯನ್ ಮರಿ: ಮೊದಲು ಬಿಸಿ, ಆಮೇಲೆ ಹಾಲು

ಈಗಷ್ಟೇ ಹುಟ್ಟಿದ ಪರ್ಷಿಯನ್ ಬೆಕ್ಕಿನ ಮರಿಯೊಂದು ನಿಮ್ಮ ಅಂಗೈಯಲ್ಲಿ ಮಲಗಿದೆ ಅಂದುಕೊಳ್ಳಿ. ತೂಕ 80 ಗ್ರಾಂ. ಕಣ್ಣು ಮುಚ್ಚಿದೆ, ಕಿವಿಯೂ ಮುಚ್ಚಿದೆ. ಜೊತೆಗೆ ಹುಟ್ಟಿದ ಮರಿಗಳು ತಾಯಿಯ ಹೊಟ್ಟೆಗೆ ಅಂಟಿಕೊಂಡು ಹಾಲು ಚೀಪುತ್ತಿವೆ. ಇದೊಂದು ಮಾತ್ರ ಪೆಟ್ಟಿಗೆಯ ಮೂಲೆಗೆ ಸರಿದಿತ್ತು. ಮುಟ್ಟಿದರೆ ಮೈ ತಣ್ಣಗಿದೆ. ಬಾಯಿಗೆ ಬೆರಳ ತುದಿ ಇಟ್ಟರೆ ಚೀಪುವ ಹುಮ್ಮಸ್ಸಿಲ್ಲ. ನೋಡಿದವರಿಗೆಲ್ಲ ಅನ್ನಿಸುವುದು ಒಂದೇ: ಪಾಪ, ಹಸಿದಿದೆ, ಎರಡು ಹನಿ ಹಾಲು ಕುಡಿಸೋಣ.

ಎಡವುವುದು ಅಲ್ಲೇ. ತಣ್ಣಗಾದ ಮರಿಗೆ ಹಾಲು ಕುಡಿಸಿದರೆ ಅದು ಬದುಕುವ ಬದಲು ಸಾಯುವ ಸಾಧ್ಯತೆಯೇ ಜಾಸ್ತಿ. ಯಾಕೆ ಎಂಬುದಕ್ಕೆ ಮುಂದೆ ಬರೋಣ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಈ ಮರಿ ಇಷ್ಟು ಬಡಕಲಾಗಿ ಹುಟ್ಟಿದ್ದು ಯಾಕೆ? ಕೆಲವು ಸಲ ಅದು ಬರೀ ದುರದೃಷ್ಟ. ಎಷ್ಟೋ ಸಲ ಮಾತ್ರ, ಉತ್ತರದ ಒಂದು ಪಾಲು ಎರಡು ತಿಂಗಳ ಹಿಂದೆ, ಗಂಡು-ಹೆಣ್ಣು ಜೋಡಿ ಆರಿಸುವಾಗಲೇ ತೀರ್ಮಾನವಾಗಿರುತ್ತದೆ.

ವಂಶಾವಳಿ ಓದುವುದು ಹೇಗೆ

ಶುದ್ಧ ತಳಿಯ ಬೆಕ್ಕಿನ ಜೊತೆ ಒಂದು ವಂಶಾವಳಿ ಪತ್ರ ಬರುತ್ತದೆ. ಐದು ತಲೆಮಾರಿನ ಪತ್ರವಾದರೆ ಅದರಲ್ಲಿ 62 ಹಿರಿಯರ ಜಾಗ ಇರುತ್ತದೆ: ಅಪ್ಪ-ಅಮ್ಮ ಇಬ್ಬರು, ಅಜ್ಜ-ಅಜ್ಜಿಯರು ನಾಲ್ವರು, ಹೀಗೆ ಕೊನೆಯ ಸಾಲಿನಲ್ಲಿ 32. ಹೊಸಬರು ಮೊದಲು ನೋಡುವುದು ಎಷ್ಟು ಹೆಸರಿನ ಮುಂದೆ ಚಾಂಪಿಯನ್ ಅಂತ ಇದೆ ಎಂದು. ನನ್ನ ಪ್ರಕಾರ ಮೊದಲು ನೋಡಬೇಕಾದ್ದು, ಒಂದೇ ಹೆಸರು ಎಷ್ಟು ಸಲ ಬಂದಿದೆ ಎಂದು.

ಪರ್ಷಿಯನ್ ಬೆಕ್ಕಿನ ಕಥೆ ಹಳೆಯದು. ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ 1620ರ ಸುಮಾರಿಗೆ ಇರಾನಿನ ಖೊರಾಸಾನ್ ಸೀಮೆಯ ಉದ್ದ ಕೂದಲಿನ ಬೆಕ್ಕುಗಳ ಬಗ್ಗೆ ಬರೆದ. ಇಂದಿನ ಪರ್ಷಿಯನ್ ತಳಿ ರೂಪುಗೊಂಡದ್ದು ಮಾತ್ರ ಯುರೋಪ್ ಮತ್ತು ಅಮೆರಿಕದಲ್ಲಿ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ದೊಡ್ಡ ಬೆಕ್ಕಿನ ಪ್ರದರ್ಶನ ನಡೆದ ಮೇಲೆ, ಯಾವ ಬೆಕ್ಕು ಚಂದ ಎನ್ನುವುದಕ್ಕೆ ಬರಹದ ನಿಯಮಗಳು ಬಂದವು. ನಿಯಮ ಬಂದರೆ ಅದಕ್ಕೆ ಹೊಂದುವ ಕೆಲವೇ ಗಂಡುಗಳಿಗೆ ಬೇಡಿಕೆ. ಕೆಲವೇ ಗಂಡುಗಳಿಂದ ನೂರಾರು ಮರಿಗಳು. ಆ ಮರಿಗಳ ಮರಿಗಳು ಮತ್ತೆ ತಮ್ಮತಮ್ಮಲ್ಲೇ ಜೋಡಿ. ಹೀಗಾಗಿಯೇ ಪತ್ರದಲ್ಲಿ ಒಂದೇ ಮುತ್ತಜ್ಜ ಮೂರು ಕಡೆ ಇಣುಕುತ್ತಾನೆ.

ಇದನ್ನು ಅಳೆಯಲು ಒಳಸಂತಾನದ ಲೆಕ್ಕ ಅಂತ ಒಂದಿದೆ. ಅರ್ಥ ಸರಳ. ಪ್ರತಿ ಜೀನಿಗೂ ಮರಿಯಲ್ಲಿ ಎರಡು ಪ್ರತಿ ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಆ ಎರಡೂ ಸುತ್ತಿ ಬಳಸಿ ಒಬ್ಬನೇ ಹಿರಿಯನಿಂದ ಬಂದಿರುವ ಸಾಧ್ಯತೆ ಎಷ್ಟು? ಅಪ್ಪ-ಮಗಳ ಜೋಡಿಯ ಮರಿಗಳಲ್ಲಿ ಅದು ಶೇ. 25. ಒಂದೇ ಅಪ್ಪ, ಬೇರೆ ಬೇರೆ ತಾಯಿಯ ಮಕ್ಕಳ ಜೋಡಿಯಲ್ಲಿ ಶೇ. 12.5. ಅಣ್ಣ-ತಮ್ಮಂದಿರ ಮಕ್ಕಳ ಜೋಡಿಯಲ್ಲಿ ಶೇ. 6.25. ಈ ಅಂಕಿ ಏರಿದಷ್ಟೂ ಒಂದು ಸಲಕ್ಕೆ ಹುಟ್ಟುವ ಮರಿಗಳು ಕಡಿಮೆಯಾಗುತ್ತವೆ, ಹುಟ್ಟಿದವು ಸೊರಗುತ್ತವೆ. ಅಂಗೈಯಲ್ಲಿರುವ ನಮ್ಮ 80 ಗ್ರಾಂ ಮರಿಯ ಬೇರು ಇಲ್ಲೂ ಇರಬಹುದು.

ಹಾಗಾದರೆ ಯಾಕೆ ಹೀಗೆ ಮಾಡುತ್ತಾರೆ? ಕಣ್ಣಿನ ಬಣ್ಣ, ತಲೆಯ ಗುಂಡು ಆಕಾರ, ಕೂದಲಿನ ಗುಣ ಬೇಗ ಒಂದೇ ತೆರನಾಗುತ್ತದೆ, ಅದಕ್ಕೆ. ಬೇಕಾದ ಗುಣಗಳನ್ನು ಗಟ್ಟಿ ಮಾಡುವ ದಾರಿಯಲ್ಲೇ ಬೇಡವಾದವೂ ಗಟ್ಟಿಯಾಗುತ್ತವೆ.

ಬೇಡವಾದವುಗಳಲ್ಲಿ ಮೊದಲನೆಯದು ಕಿಡ್ನಿಯಲ್ಲಿ ನೀರುಗುಳ್ಳೆ ಏಳುವ ಕಾಯಿಲೆ, ಪಿಕೆಡಿ. ಇದರ ಜೀನಿನಲ್ಲಿರುವ ದೋಷವನ್ನು 2004ರಲ್ಲಿ ಗುರುತಿಸಿದರು. ಆ ಹೊತ್ತಿಗೆ ಪ್ರಪಂಚದ ಪರ್ಷಿಯನ್ ಬೆಕ್ಕುಗಳಲ್ಲಿ ಮೂರಕ್ಕೊಂದಕ್ಕಿಂತ ಹೆಚ್ಚು ಬೆಕ್ಕುಗಳಲ್ಲಿ ಇದು ಇತ್ತು. ದೋಷದ ಒಂದು ಪ್ರತಿ ಇದ್ದರೂ ಕಾಯಿಲೆ ಬರುತ್ತದೆ. ಎರಡು ಪ್ರತಿ ಸಿಕ್ಕ ಮರಿ ಗರ್ಭದಲ್ಲೇ ಹೋಗಿಬಿಡುತ್ತದೆ. ಈಗ ಲೆಕ್ಕ ಹಾಕಿ. ಕಾಯಿಲೆಯ ಬೆಕ್ಕಿಗೂ ಆರೋಗ್ಯದ ಬೆಕ್ಕಿಗೂ ಜೋಡಿ ಮಾಡಿದರೆ ಸರಾಸರಿ ಅರ್ಧ ಮರಿಗಳಿಗೆ ಕಾಯಿಲೆ. ಎರಡೂ ಕಾಯಿಲೆಯವೇ ಆದರೆ ಕಾಲು ಭಾಗ ಗರ್ಭದಲ್ಲೇ ಹೋಗುತ್ತವೆ, ಹುಟ್ಟಿದ ಮೂರರಲ್ಲಿ ಎರಡಕ್ಕೆ ಕಾಯಿಲೆ. ಮೋಸ ಇರುವುದು ವಯಸ್ಸಿನಲ್ಲಿ. ಗುಳ್ಳೆಗಳು ಹುಟ್ಟಿನಿಂದಲೇ ಇದ್ದರೂ ಕಿಡ್ನಿ ಕೈಕೊಡುವುದು ಸಾಮಾನ್ಯವಾಗಿ ಏಳು ವರ್ಷದ ಆಸುಪಾಸಿನಲ್ಲಿ. ಅಷ್ಟರಲ್ಲಿ ಆ ಬೆಕ್ಕು ಹಲವು ಸಲ ಮರಿ ಹಾಕಿ ಮುಗಿಸಿರುತ್ತದೆ. ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸಿ ಕಳಿಸಿದರೆ ಜೀನ್ ಪರೀಕ್ಷೆಯಲ್ಲಿ ಇದು ತಿಳಿಯುತ್ತದೆ. ಇಷ್ಟು ಸುಲಭದ ಪರೀಕ್ಷೆ ಮಾಡಿಸದೆ ಜೋಡಿ ಹಾಕುವುದಕ್ಕೆ ಈಗ ಯಾವ ನೆಪವೂ ಇಲ್ಲ.

ಕಣ್ಣು ಕಳೆಯುವ ಇನ್ನೊಂದು ದೋಷದ ನಡೆ ಬೇರೆ. ಅದಕ್ಕೆ ಎರಡು ಪ್ರತಿ ಬೇಕು. ಎರಡೂ ಸಿಕ್ಕ ಮರಿ ನಾಲ್ಕು ತಿಂಗಳಾಗುವಷ್ಟರಲ್ಲಿ ಹೆಚ್ಚುಕಡಿಮೆ ಕುರುಡಾಗುತ್ತದೆ. ಒಂದೇ ಪ್ರತಿ ಇರುವ ಬೆಕ್ಕಿಗೆ ಏನೂ ಆಗುವುದಿಲ್ಲ, ಅದು ಸುಮ್ನೆ ಹೊತ್ತು ತಿರುಗುತ್ತದೆ. ಅಂಥ ಬೆಕ್ಕನ್ನು ಪೂರ್ತಿ ಬಿಟ್ಟುಬಿಡಬೇಕಿಲ್ಲ, ದೋಷವೇ ಇಲ್ಲದ ಜೋಡಿ ಕೊಟ್ಟರೆ ಒಂದು ಮರಿಯೂ ಕುರುಡಾಗದು. ಎಲ್ಲವನ್ನೂ ತೆಗೆದುಹಾಕುತ್ತಾ ಹೋದರೆ ಮೊದಲೇ ಚಿಕ್ಕದಾದ ಬಳಗ ಇನ್ನಷ್ಟು ಚಿಕ್ಕದಾಗುತ್ತದೆ.

ಮುಖದ ಬಗ್ಗೆಯೂ ಒಂದು ಮಾತು. ಮೂಗು ಕಣ್ಣುಗಳ ನಡುವೆ ಅಪ್ಪಚ್ಚಿಯಾದಷ್ಟೂ ಕಣ್ಣೀರಿನ ನಾಳ ಮಡಚಿ ಕಣ್ಣು ಸದಾ ಸುರಿಯುತ್ತದೆ, ಹೊಳ್ಳೆ ಕಿರಿದಾಗುತ್ತದೆ, ಹಲ್ಲು ವಕ್ರವಾಗುತ್ತದೆ. ಮರಿಯ ಅಗಲ ತಲೆ ಹೆರಿಗೆಯಲ್ಲಿ ಸಿಕ್ಕಿಕೊಳ್ಳುವ ಭಯವೂ ಇದೆ. ಪ್ರದರ್ಶನದಲ್ಲಿ ಏನೇ ಗೆಲ್ಲಲಿ, ಸಲೀಸಾಗಿ ಉಸಿರಾಡುವ ಬೆಕ್ಕನ್ನೇ ನಾನು ಆರಿಸುತ್ತೇನೆ.

ತಾಯಿಯ ಹಾಲೇ ವಿಷವಾಗುವಾಗ

ಬೆಕ್ಕುಗಳಲ್ಲೂ ರಕ್ತದ ಗುಂಪುಗಳಿವೆ: ಎ, ಬಿ ಮತ್ತು ತುಂಬಾ ಅಪರೂಪದ ಎಬಿ. ಹೆಚ್ಚಿನ ಬೆಕ್ಕುಗಳು ಎ. ಆದರೆ ಪರ್ಷಿಯನ್ ತಳಿಯಲ್ಲಿ ಬಿ ಗುಂಪಿನವೂ ಸಾಕಷ್ಟು ಸಿಗುತ್ತವೆ. ಬಿ ಗುಂಪಿನ ಬೆಕ್ಕಿನ ಮೈಯಲ್ಲಿ ಎ ರಕ್ತವನ್ನು ಒಡೆದುಹಾಕುವ ಬಲವಾದ ಪ್ರತಿಕಾಯಗಳು ತಾವಾಗಿಯೇ ಹುಟ್ಟುತ್ತವೆ. ಅದಕ್ಕೆ ಹಿಂದೆ ರಕ್ತ ಕೊಟ್ಟಿರಬೇಕೆಂದಿಲ್ಲ, ಗಬ್ಬ ಆಗಿರಬೇಕೆಂದೂ ಇಲ್ಲ.

ತಾಯಿ ಬಿ, ಅಪ್ಪ ಎ ಎಂದಿಟ್ಟುಕೊಳ್ಳಿ. ಎ ಗುಣ ಬಿ ಮೇಲೆ ಮೇಲುಗೈ ಸಾಧಿಸುತ್ತದೆ. ಹಾಗಾಗಿ ಮರಿಗಳಲ್ಲಿ ಹಲವು, ಕೆಲವು ಸಲ ಎಲ್ಲವೂ, ಎ ಆಗಿ ಹುಟ್ಟುತ್ತವೆ. ಗರ್ಭದಲ್ಲಿರುವ ತನಕ ತೊಂದರೆಯಿಲ್ಲ. ಹುಟ್ಟಿದ ಮೇಲೆ ಮರಿ ಮೊದಲ ಗಿಣ್ಣುಹಾಲು ಕುಡಿಯುತ್ತದೆ. ಬೆಕ್ಕಿನ ಮರಿಗೆ ರೋಗದಿಂದ ಕಾಪಾಡುವ ಪ್ರತಿಕಾಯಗಳು ಬಹುಪಾಲು ಸಿಗುವುದೇ ಈ ಹಾಲಿನಿಂದ. ಅವುಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳಲು ಮರಿಯ ಕರುಳು ಮೊದಲ ಒಂದು ದಿನ ಬಾಗಿಲು ತೆರೆದಿಟ್ಟಿರುತ್ತದೆ. ಅದೇ ಬಾಗಿಲಿನಿಂದ ಎ ರಕ್ತದ ಶತ್ರುಗಳೂ ಒಳಗೆ ಬರುತ್ತವೆ. ಮರಿಯ ಕೆಂಪು ರಕ್ತಕಣಗಳು ಒಡೆಯತೊಡಗುತ್ತವೆ. ಮೂತ್ರ ಕಂದುಗೆಂಪಾಗುತ್ತದೆ, ಕಾಮಾಲೆ ಕಾಣಿಸುತ್ತದೆ. ಒಂದೆರಡು ದಿನದಲ್ಲಿ ಮರಿ ಹೋಗುತ್ತದೆ. ಬದುಕಿ ಉಳಿದದ್ದರಲ್ಲಿ ಕೆಲವೊಮ್ಮೆ ಬಾಲದ ತುದಿ ಒಣಗಿ ಉದುರುತ್ತದೆ. ಇದರಲ್ಲಿ ಕರುಳು ಚುರ್ ಅನ್ನುವ ಸಂಗತಿ ಏನೆಂದರೆ, ಚೆನ್ನಾಗಿ ಹಾಲು ಕುಡಿದ ಗಟ್ಟಿ ಮರಿಗೇ ಹೆಚ್ಚು ಪೆಟ್ಟು. ಕುಡಿಯದೆ ಮೂಲೆಗೆ ಸರಿದಿದ್ದ ಬಡಕಲು ಮರಿ ಪಾರಾಗಿರಬಹುದು.

ದಾರಿ ಎರಡು. ಜೋಡಿ ಹಾಕುವ ಮುಂಚೆ ಇಬ್ಬರ ರಕ್ತದ ಗುಂಪು ನೋಡಿಸುವುದು ಒಂದು. ಹಾಗೂ ಇಂಥ ಜೋಡಿ ಆಗಿಹೋಗಿದ್ದರೆ, ಮೊದಲ 24 ಗಂಟೆ ಎ ಮರಿಗಳನ್ನು ತಾಯಿಯ ಮೊಲೆಗೆ ಬಿಡದೆ ಕೈಯಿಂದಲೇ ಹಾಲು ಕೊಡುವುದು ಇನ್ನೊಂದು. ಯಾವ ಮರಿ ಯಾವ ಗುಂಪು ಎಂದು ಗೊತ್ತಿಲ್ಲದಿದ್ದರೆ ಯಾವುದನ್ನೂ ಬಿಡಬಾರದು. ಅದೇ ಹೊತ್ತಿಗೆ ಮರಿ ಹಾಕಿದ ಎ ಗುಂಪಿನ ಸಾಕುತಾಯಿ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ದಿನ ಕಳೆದ ಮೇಲೆ ಕರುಳಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಮೇಲೆ ಅದೇ ತಾಯಿಯ ಹಾಲು ಕುಡಿದರೂ ಏನೂ ಆಗದು. ಕೈಯಲ್ಲಿ ಸಾಕುವುದು ಬರೀ ಬಡಕಲು ಮರಿಗೆ ಮಾತ್ರ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ, ಅಲ್ವಾ?

ಹೆರಿಗೆಯ ಹೊತ್ತು

ಬೆಕ್ಕು ಗಬ್ಬ ಹೊರುವುದು ಸುಮಾರು 63ರಿಂದ 67 ದಿನ. ಗಟ್ಟಿಯಾಗಿ ಮುಕ್ಕಲು ಶುರುಮಾಡಿ ಅರ್ಧ ಗಂಟೆಯಾದರೂ ಮರಿ ಬರದಿದ್ದರೆ ಕಾಯುತ್ತಾ ಕೂರಬೇಡಿ, ಪಶುವೈದ್ಯರಿಗೆ ಫೋನ್ ಮಾಡಿ. ಪರ್ಷಿಯನ್ ತಾಯಿಗೆ ಇನ್ನೊಂದು ಕಷ್ಟವಿದೆ. ಚಪ್ಪಟೆ ಮುಖ, ಮುಂದೆ ಚಾಚಿದ ಕೆಳದವಡೆ. ಮರಿಯ ಮೇಲಿನ ಪೊರೆ ಹರಿಯಲು, ಹೊಕ್ಕುಳಬಳ್ಳಿ ಕಚ್ಚಿ ತುಂಡರಿಸಲು ಎಷ್ಟೋ ತಾಯಿಯರಿಗೆ ಸರಿಯಾಗಿ ಆಗುವುದಿಲ್ಲ. ಆಗ ಪೊರೆಯನ್ನು ಮುಖದ ಕಡೆಯಿಂದ ನೀವೇ ಬಿಡಿಸಬೇಕು. ಒಣ ಟವೆಲಿನಿಂದ ಮೈ ಚೆನ್ನಾಗಿ ಉಜ್ಜಬೇಕು. ಉಸಿರು ಎಳೆದುಕೊಳ್ಳಲು ಆ ಉಜ್ಜುವಿಕೆಯೇ ಕರೆ. ಬಳ್ಳಿಯನ್ನು ಹೊಟ್ಟೆಯಿಂದ ಎರಡು-ಮೂರು ಸೆಂಟಿಮೀಟರ್ ಬಿಟ್ಟು ಶುಚಿಯಾದ ದಾರದಿಂದ ಕಟ್ಟಿ, ಕಟ್ಟಿನ ಆಚೆ ಕತ್ತರಿಸಬೇಕು. ಮೂಗಿನ ನೀರು ಇಳಿಯಲೆಂದು ಮರಿಯನ್ನು ಹಿಡಿದು ಬೀಸುವ ಹಳೆಯ ಅಭ್ಯಾಸ ಬೇಡವೇ ಬೇಡ, ಅದರಿಂದ ಮೆದುಳಿಗೆ ಏಟಾಗುತ್ತದೆ.

ಆಮೇಲೆ ಬಾಯಿ ತೆರೆದು ಅಂಗುಳ ನೋಡಿ. ನಡುವೆ ಸೀಳಿದ್ದರೆ ಕುಡಿದ ಹಾಲು ಮೂಗಿನಿಂದ ಬರುತ್ತದೆ, ಅಂಥ ಮರಿಯನ್ನು ವೈದ್ಯರೇ ನೋಡಬೇಕು. ಕೊನೆಗೆ ತಕ್ಕಡಿ. ಬೆಕ್ಕಿನ ಮರಿ ಸಾಮಾನ್ಯವಾಗಿ 90ರಿಂದ 110 ಗ್ರಾಂ ಇರುತ್ತದೆ. ನಮ್ಮ ಮರಿ 80.

ಮೊದಲು ಬಿಸಿ

ಈಗ ಮೂಲೆಗೆ ಸರಿದ ಆ ಮರಿಯ ಹತ್ತಿರ ಬರೋಣ.

ದೊಡ್ಡ ಬೆಕ್ಕಿನ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ಹುಟ್ಟಿದ ಮೊದಲ ವಾರದ ಮರಿಯದು 35ರಿಂದ 37 ಅಷ್ಟೇ. ಅದಕ್ಕೆ ನಡುಗಿ ಬಿಸಿ ಹುಟ್ಟಿಸಿಕೊಳ್ಳಲು ಬರುವುದಿಲ್ಲ. ಮೈ ಚಿಕ್ಕದು, ಹೊರಮೈ ಹೆಚ್ಚು, ಕೊಬ್ಬು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ತಾಯಿಯ ಮತ್ತು ಒಡಹುಟ್ಟಿದವರ ಬಿಸಿಯೇ ಅದರ ಒಲೆ. ಒಲೆಯಿಂದ ದೂರ ಸರಿದ ಮರಿ ತಣ್ಣಗಾಗುತ್ತಲೇ ಹೋಗುತ್ತದೆ. 35 ಡಿಗ್ರಿಗಿಂತ ಕೆಳಗಿಳಿದರೆ ಚೀಪುವ ಬಲ ಹೋಗುತ್ತದೆ, ಎದೆಬಡಿತ ನಿಧಾನವಾಗುತ್ತದೆ, ಕರುಳಿನ ಕೆಲಸ ನಿಲ್ಲುತ್ತಾ ಬರುತ್ತದೆ. ಈಗ ಹಾಲು ಕುಡಿಸಿದರೆ ಅದು ಮುಂದೆ ಹೋಗದೆ ಹೊಟ್ಟೆಯಲ್ಲೇ ನಿಂತು ಹುಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಇಲ್ಲವೇ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲಿಗೆ ಹಾಲು ಬೇಡ ಅಂದದ್ದು ಇದಕ್ಕೇ.

ಬಿಸಿ ಕೊಡುವುದೂ ಗಡಿಬಿಡಿಯ ಕೆಲಸವಲ್ಲ. ಒಂದರಿಂದ ಮೂರು ಗಂಟೆ ಹಿಡಿಯಲಿ. ಒಮ್ಮೆಲೇ ಕಾಯಿಸಿದರೆ ಚರ್ಮದ ರಕ್ತನಾಳಗಳು ಹಿಗ್ಗಿ, ಒಳಗಿನ ಅಂಗಗಳಿಗೆ ರಕ್ತ ಸಾಲದೆ ಮರಿ ಕುಸಿಯಬಹುದು. ಕೈಗೆ ಮೊದಲು ಸಿಗುವ ಬಿಸಿ ನಿಮ್ಮ ಮೈಯದೇ. ಬಟ್ಟೆಯೊಳಗೆ ಎದೆಗೆ ತಾಗಿಸಿ ಇಟ್ಟುಕೊಳ್ಳಿ. ಆಮೇಲೆ ಪೆಟ್ಟಿಗೆಯ ಅರ್ಧ ಭಾಗದ ಅಡಿಗೆ ಹೀಟಿಂಗ್ ಪ್ಯಾಡ್ ಇಡಿ, ಅಥವಾ ಟವೆಲ್ ಸುತ್ತಿದ ಬಿಸಿನೀರಿನ ಚೀಲ. ಇನ್ನರ್ಧ ಖಾಲಿ ಬಿಡಿ, ಸೆಕೆಯಾದರೆ ಮರಿ ತೆವಳಿ ಅತ್ತ ಹೋಗಲಿ. ತೆವಳಲಾರದ ಮರಿಯನ್ನು ಆಗಾಗ ನೀವೇ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಒಂದೇ ಕಡೆ ಸುಟ್ಟೀತು. ಮೊದಲ ವಾರ ಮರಿಯ ಸುತ್ತಲಿನ ಗಾಳಿ 30ರಿಂದ 32 ಡಿಗ್ರಿ ಇರಲಿ. ಥರ್ಮಾಮೀಟರನ್ನು ಗೋಡೆಗೆ ತೂಗುಹಾಕಬೇಡಿ, ಮರಿ ಮಲಗುವ ಎತ್ತರದಲ್ಲಿ ಇಡಿ.

ಬಿಸಿಯ ಮಾತು ಬಂದದ್ದಕ್ಕೆ ಒಂದು ಅಡ್ಡಮಾತು. ಸಯಾಮೀಸ್ ಬೆಕ್ಕಿನಂತೆ ಮುಖ, ಕಿವಿ, ಕಾಲು, ಬಾಲ ಮಾತ್ರ ಕಪ್ಪಗಿರುವ ಪರ್ಷಿಯನ್ ಬೆಕ್ಕು ನೋಡಿರುತ್ತೀರಿ, ಅದನ್ನು ಹಿಮಾಲಯನ್ ಅನ್ನುತ್ತಾರೆ. ಅದರ ಮರಿಗಳು ಹುಟ್ಟುವಾಗ ಬೆಳ್ಳಗಿರುತ್ತವೆ. ಬಣ್ಣ ತಯಾರಿಸುವ ಅವುಗಳ ಕಿಣ್ವ ಬಿಸಿಯಲ್ಲಿ ಕೆಲಸ ಮಾಡುವುದಿಲ್ಲ. ಗರ್ಭ ಪೂರ್ತಿ ಬಿಸಿ, ಹಾಗಾಗಿ ಬಣ್ಣವಿಲ್ಲ. ಹೊರಬಂದ ಮೇಲೆ ಮೈಯ ತಣ್ಣಗಿನ ತುದಿಗಳಲ್ಲಿ ಮಾತ್ರ ಬಣ್ಣ ಏರುತ್ತದೆ. ಹುಟ್ಟಿದ ದಿನವೇ ಬಣ್ಣ ಹೇಳಿ ಅನ್ನುವವರಿಗೆ ಕಾಯಿರಿ ಅನ್ನುವುದು ಇದಕ್ಕೆ.

ಆಮೇಲೆ ಹಾಲು

ಮೈ ಬೆಚ್ಚಗಾಗಿ ಬೆರಳು ಚೀಪಲು ಶುರುಮಾಡಿತೆಂದರೆ ಹಾಲಿನ ಹೊತ್ತು ಬಂತು. ಬೆಚ್ಚಗಾದರೂ ಬಟ್ಟೆಯಂತೆ ಜೋತುಬಿದ್ದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಒಂದೆರಡು ಹನಿ ಗ್ಲೂಕೋಸ್ ನೀರನ್ನು ಒಸಡಿಗೆ ಸವರಿ ವೈದ್ಯರ ಬಳಿ ಓಡಿ.

ಹಸುವಿನ ಹಾಲು ಬೇಡ. ಬೆಕ್ಕಿನ ಹಾಲಿನಲ್ಲಿರುವ ಪ್ರೋಟೀನಿನಲ್ಲಿ ಸುಮಾರು ಅರ್ಧದಷ್ಟೇ ಅದರಲ್ಲಿದೆ, ಕೊಬ್ಬೂ ಕಡಿಮೆ. ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಸಾಕಷ್ಟಿಲ್ಲ. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ, ಮೇಲೆ ಭೇದಿ. ಬೆಕ್ಕಿನ ಮರಿಗೆಂದೇ ತಯಾರಿಸಿದ ಹಾಲಿನ ಪುಡಿ ತನ್ನಿ. ಡಬ್ಬಿಯಲ್ಲಿ ಹೇಳಿದ ಅಳತೆಯಲ್ಲೇ ಕಲಸಿ. ಗಟ್ಟಿ ಮಾಡಿದರೆ ಬೇಗ ಬೆಳೆಯುತ್ತದೆ ಎನ್ನುವುದು ಭ್ರಮೆ. ಕೊಡುವಾಗ ಹಾಲು 37-38 ಡಿಗ್ರಿ ಇರಲಿ, ಮಣಿಕಟ್ಟಿನ ಮೇಲೆ ಹನಿಸಿದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಬೇಕು.

ಎಷ್ಟು? ಮರಿಯ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು 100 ಗ್ರಾಂ ತೂಕಕ್ಕೆ 4 ಮಿಲಿಲೀಟರ್ ಅಷ್ಟೇ. ನಮ್ಮ ಮರಿಗೆ ಮೂರು ಮಿಲಿಲೀಟರೇ ಮೇಲಿನ ಮಿತಿ. ಮೊದಲ ದಿನಗಳಲ್ಲಿ ಎರಡು ಗಂಟೆಗೊಮ್ಮೆ ಒಂದೂವರೆಯಿಂದ ಎರಡು ಮಿಲಿಲೀಟರ್ ಕೊಟ್ಟರೆ ಸುರಕ್ಷಿತ. ರಾತ್ರಿಯೂ ಸೇರಿ. ಅಲಾರಂ ಇಟ್ಟುಕೊಳ್ಳಿ, ಮನೆಯಲ್ಲಿ ಇನ್ನೊಬ್ಬರಿದ್ದರೆ ಪಾಳಿ ಹಂಚಿಕೊಳ್ಳಿ. ಮೂರನೇ ರಾತ್ರಿಗೆ ನಿದ್ದೆಗೆಟ್ಟ ಕೈಯಿಂದ ಸಿರಿಂಜ್ ಒಮ್ಮೆ ಜೋರಾಗಿ ಒತ್ತಿಹೋದರೆ ಇಡೀ ಶ್ರಮ ಮಣ್ಣುಪಾಲು. ಎರಡನೇ ವಾರದಲ್ಲಿ ಅಂತರವನ್ನು ಮೂರು-ನಾಲ್ಕು ಗಂಟೆಗೆ ಎಳೆಯಬಹುದು.

ಮರಿಯನ್ನು ಮನುಷ್ಯರ ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬೇಡಿ. ಹೊಟ್ಟೆ ಕೆಳಗೆ, ತಲೆ ಸ್ವಲ್ಪ ಮೇಲೆ, ತಾಯಿಯ ಬಳಿ ಹೇಗೆ ಮಲಗುತ್ತದೋ ಹಾಗೆ. ಮುಂಗಾಲು ಒತ್ತಲು ಮಡಚಿದ ಬಟ್ಟೆ ಕೊಟ್ಟರೆ ಖುಷಿಯಾಗಿ ಒತ್ತುತ್ತಾ ಕುಡಿಯುತ್ತದೆ. ಚಪ್ಪಟೆ ಮೂಗಿನ ಮರಿಗೆ ಚೀಪುತ್ತಲೇ ಉಸಿರಾಡುವುದು ಕಷ್ಟ. ನಾಲ್ಕೈದು ಸಲ ಚೀಪಿ ಬಾಯಿ ಬಿಡುತ್ತದೆ. ಬೇಡವಾಯಿತು ಅಂದುಕೊಳ್ಳಬೇಡಿ, ಅದು ಉಸಿರಿಗೆ ನಿಂತಿದೆ. ಮೂಗಿನಲ್ಲಿ ಹಾಲಿನ ಗುಳ್ಳೆ ಕಂಡರೆ ತಕ್ಷಣ ನಿಲ್ಲಿಸಿ, ತಲೆ ಕೆಳಕ್ಕೆ ಬಾಗಿಸಿ ಒರೆಸಿ. ಒಂದೇ ಒಂದು ಹನಿ ಶ್ವಾಸಕೋಶಕ್ಕೆ ಹೋದರೂ ನ್ಯುಮೋನಿಯಾ ಆಗಬಹುದು. ಚೀಪಲೇ ಆಗದ ಮರಿಗೆ ಬಾಯಿಯ ಮೂಲಕ ಹೊಟ್ಟೆಗೆ ಸಣ್ಣ ನಳಿಕೆ ಇಳಿಸಿ ಹಾಲು ಕೊಡುವ ಕ್ರಮವಿದೆ. ಅದನ್ನು ವಿಡಿಯೋ ನೋಡಿ ಕಲಿಯಬೇಡಿ. ವೈದ್ಯರು ಎದುರಿಗೆ ನಿಂತು ನಿಮ್ಮ ಕೈಯಿಂದಲೇ ಮಾಡಿಸಿ ಕಲಿಸಲಿ.

ಪ್ರತಿ ಸಲ ಹಾಲಾದ ಮೇಲೆ ಇನ್ನೊಂದು ಕೆಲಸ. ಈ ವಯಸ್ಸಿನ ಮರಿಗೆ ತಾನಾಗಿ ಉಚ್ಚೆ, ಕಕ್ಕ ಮಾಡಲು ಬರುವುದಿಲ್ಲ, ತಾಯಿ ನೆಕ್ಕಿ ಮಾಡಿಸುತ್ತಾಳೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಸವರಿ. ಮೂತ್ರ ಹೆಚ್ಚುಕಡಿಮೆ ನೀರಿನ ಬಣ್ಣ ಇರಬೇಕು. ಗಾಢ ಹಳದಿಯಾದರೆ ಮೈಯಲ್ಲಿ ನೀರು ಸಾಲದು. ಕಂದುಗೆಂಪಾದರೆ ಏನೆಂದು ಆಗಲೇ ಹೇಳಿದ್ದೇನೆ.

ಬದುಕುತ್ತಿದೆಯೇ ಇಲ್ಲವೇ ಎಂದು ಹೇಳುವುದು ತಕ್ಕಡಿಯೇ ಹೊರತು ಕಣ್ಣಲ್ಲ. ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ದಿನಕ್ಕೆರಡು ಸಲ, ಹಾಲಿಗೆ ಮುಂಚೆ, ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಮೊದಲ ದಿನ 80 ಗ್ರಾಂ ಮರಿ 76ಕ್ಕೆ ಇಳಿದರೆ ಗಾಬರಿ ಬೇಡ. ಎರಡನೇ ದಿನವೂ ಇಳಿದರೆ ಗಾಬರಿ ಬೇಕು. ಆಮೇಲೆ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು, ಹತ್ತು ದಿನದ ಹೊತ್ತಿಗೆ ಹುಟ್ಟಿದ ತೂಕ ಇಮ್ಮಡಿಯಾಗಬೇಕು. ಮರಿ ಸೊರಗುವುದು ಕಣ್ಣಿಗೆ ಕಾಣುವ ಅರ್ಧ ದಿನ ಮುಂಚೆಯೇ ತಕ್ಕಡಿಯಲ್ಲಿ ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಬಡಕಲು ಮರಿ ಕಂಡ ಕೂಡಲೇ ತಾಯಿಯಿಂದ ಕಿತ್ತುಕೊಳ್ಳಬೇಡಿ. ರಕ್ತದ ಗುಂಪಿನ ತೊಂದರೆ ಇಲ್ಲ, ತಾಯಿ ದೂರ ತಳ್ಳುತ್ತಿಲ್ಲ ಎಂದರೆ ಮರಿ ಅಲ್ಲೇ ಇರಲಿ. ದಿನಕ್ಕೆ ನಾಲ್ಕಾರು ಸಲ ಮೇಲುಹಾಲು ಕೊಡಿ. ದೊಡ್ಡ ಮರಿಗಳನ್ನು ಸ್ವಲ್ಪ ಹೊತ್ತು ಬೇರೆ ಇಟ್ಟು, ಹಾಲು ಹೆಚ್ಚಿರುವ ಹಿಂದಿನ ಮೊಲೆಗೆ ಈ ಮರಿಯನ್ನು ಹಚ್ಚಿ. ಹೆಚ್ಚಿನ ಮರಿಗಳಿಗೆ ಬೇಕಾದ್ದು ಇಷ್ಟೇ. ಒಂಟಿಯಾಗಿ ಮನುಷ್ಯರ ಕೈಯಲ್ಲೇ ಬೆಳೆದ ಮರಿಗೆ ಎಷ್ಟು ಕಚ್ಚಿದರೆ ನೋಯುತ್ತದೆ ಎಂದು ಹೇಳಿಕೊಡುವವರು ಇರುವುದಿಲ್ಲ. ಆ ಪಾಠವನ್ನು ಅದು ಎರಡರಿಂದ ಏಳನೇ ವಾರದ ನಡುವೆ ತಾಯಿ, ಅಕ್ಕ-ತಮ್ಮಂದಿರಿಂದ ಕಲಿಯಬೇಕು. ಕಲಿಯದಿದ್ದರೆ ದೊಡ್ಡದಾದ ಮೇಲೆ ನಿಮ್ಮ ಕೈಯೇ ಅದರ ಪಾಠಶಾಲೆ.

ಏಳರಿಂದ ಹದಿನಾಲ್ಕನೇ ದಿನದೊಳಗೆ ಕಣ್ಣು ಬಿಡುತ್ತದೆ. ಮೂರನೇ ವಾರಕ್ಕೆ ತಟ್ಟಾಡುತ್ತಾ ನಡೆಯುತ್ತದೆ, ಹಾಲುಹಲ್ಲು ಚುಚ್ಚತೊಡಗುತ್ತವೆ, ಹತ್ತಿಯ ಕೆಲಸ ಮುಗಿಯುತ್ತಾ ಬರುತ್ತದೆ. ನಾಲ್ಕನೇ ವಾರ ಮರಿ-ಆಹಾರವನ್ನು ಅದೇ ಹಾಲಿನಲ್ಲಿ ಗಂಜಿಯಂತೆ ಕಲಸಿ ಕೊಡಬಹುದು. ಪರ್ಷಿಯನ್ ಮರಿಗೆ ಬಟ್ಟಲು ಆಗದು, ಆಳಕ್ಕೆ ಹೋದರೆ ಮೂಗು ಮುಳುಗುತ್ತದೆ. ಚಪ್ಪಟೆ ತಟ್ಟೆಯಲ್ಲಿ ತೆಳ್ಳಗೆ ಹರಡಿ. ಮೊದಲ ದಿನ ಅದು ತಿನ್ನುವುದಕ್ಕಿಂತ ತುಳಿಯುವುದೇ ಜಾಸ್ತಿ. ಮುಖದ ತುಂಬಾ ಮೆತ್ತಿಕೊಂಡು, ಸೀನಿ, ನಿಮ್ಮ ಕಡೆ ನೋಡುತ್ತದೆ. ಒದ್ದೆ ಬಟ್ಟೆಯಿಂದ ಮೂಗಿನ ಮಡಿಕೆ ಒರೆಸಿ, ಒಣಗಿಸಿ, ಮತ್ತೆ ತಕ್ಕಡಿಯ ಮೇಲೆ ಇಡಿ.